ಸೋಗೆ ಮಾಡಿಗೆ ದರ ಕಟ್ಟಿದವರು

ನಮ್ಮ ಕಡೆ ವಿಮೆ ಅಂದ್ರೆ ಎಲ್‌ಐಸಿ. ಮೇಷ್ಟ್ರು, ಗುಮಾಸ್ತರು, ಬಸ್ಸಿನ ಕಂಡಕ್ಟರು ಕಟ್ಟುವ ಕಂತು. ಮನೆಗೂ ವಿಮೆ ಉಂಟು ಎಂದು ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಯಾವ ಕೇರಿಯಲ್ಲಿ ಹೇಳಿದರೂ ಜನ ನಗುತ್ತಾರೆ. "ಯಾವ ಮನೆಗೆ ಮಾರಾಯಾ?" ಅನ್ನುತ್ತಾರೆ. ಕೇರಿಯ ಈ ಪ್ರಶ್ನೆಯನ್ನು ನಾವು ತಮಾಷೆ ಎಂದು ತಳ್ಳಿಹಾಕುವುದಿಲ್ಲ. ಯಾಕಂದ್ರೆ ವಿಮಾ ಕಂಪನಿ ಮೊಟ್ಟಮೊದಲು ಕೇಳುವುದೂ ಇದನ್ನೇ. ಯಾವ ಮನೆ? ಗೋಡೆ ಎಂಥದ್ದು, ಮಾಡು ಎಂಥದ್ದು? ಎಲ್ಲಿ ನಿಂತಿದೆ? ಯಾರ ಹೆಸರಲ್ಲಿದೆ? ಇವಕ್ಕೆ ಸಿಗುವ ಉತ್ತರದ ಮೇಲೆ ವರ್ಷದ ಕಂತು ಏರುತ್ತದೆ, ಇಳಿಯುತ್ತದೆ, ಇಲ್ಲವೇ ಅರ್ಜಿ ಬಂದ ದಾರಿಯಲ್ಲೇ ವಾಪಸ್ಸಾಗುತ್ತದೆ.

ಇದೆಲ್ಲ ಬರೀ ಲೆಕ್ಕ ಎಂದು ಕಂಪನಿಯವರು ಹೇಳುತ್ತಾರೆ. ಲೆಕ್ಕವೇ ಇರಲಿ. ಆದರೆ ಒಬ್ಬನ ಮಾಡಿಗೆ ಹೆಂಚು, ಇನ್ನೊಬ್ಬನದಕ್ಕೆ ಸೋಗೆ ಯಾಕೆ ಬಂತು? ಒಬ್ಬನ ಮನೆ ಎತ್ತರದ ದಿಬ್ಬದಲ್ಲಿ, ಇನ್ನೊಬ್ಬನದು ಹಳ್ಳದ ದಂಡೆಯಲ್ಲಿ ಯಾಕೆ? ಒಬ್ಬನ ಹತ್ತಿರ ಪತ್ರ, ಇನ್ನೊಬ್ಬನ ಹತ್ತಿರ ಬರೀ ಬಾಯಿಮಾತು ಯಾಕೆ? ಇದಕ್ಕೆ ಲೆಕ್ಕದ ಪುಸ್ತಕದಲ್ಲಿ ಉತ್ತರ ಇಲ್ಲ. ಚರಿತ್ರೆಯಲ್ಲಿ ಹುಡುಕಬೇಕು.

ಮೊದಲು ವಿಮೆ ಅಂದ್ರೆ ಏನು ಎಂಬುದನ್ನು ನಮ್ಮ ಭಾಷೆಯಲ್ಲೇ ತಿಳಿದುಕೊಳ್ಳೋಣ. ಮಲೆನಾಡಿನಲ್ಲಿ ಮುಯ್ಯಾಳು ಎಂಬ ಪದ್ಧತಿ ಇದೆ. ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಕೇರಿಯಲ್ಲಿ ಗುಡಿಸಲು ಸುಟ್ಟರೂ ಹಾಗೇ. ಒಬ್ಬ ಬಿದಿರು ತರುತ್ತಾನೆ, ಒಬ್ಬಳು ಮಣ್ಣು ಕಲಸುತ್ತಾಳೆ, ಮೂರು ದಿನದಲ್ಲಿ ಮಾಡು ಏಳುತ್ತದೆ. ಯಾರೂ ದುಡ್ಡು ಕೊಡುವುದಿಲ್ಲ. ಕೊಡುವುದು ಒಂದು ದಿನದ ಮೈಬೆವರು. ವಿಮೆಯ ತಿರುಳು ಇಷ್ಟೇ. ಸಾವಿರ ಮನೆಯವರು ಸ್ವಲ್ಪ ಸ್ವಲ್ಪ ಕೊಟ್ಟು, ಬಿದ್ದ ಒಂದು ಮನೆಯನ್ನು ಎಬ್ಬಿಸುವುದು. ವ್ಯತ್ಯಾಸ ಅಂದ್ರೆ ಕಂಪನಿ ಎಲ್ಲರಿಂದಲೂ ಒಂದೇ ಸಮ ಎತ್ತುವುದಿಲ್ಲ. ಬೀಳುವ ಸಂಭವ ಹೆಚ್ಚಿರುವ ಮನೆಯವನ ಹತ್ತಿರ ಹೆಚ್ಚು ಎತ್ತುತ್ತದೆ. ಮುಯ್ಯಾಳಿನಲ್ಲಿ ಬಡವನ ಗುಡಿಸಲಿಗೆ ಎರಡು ದಿನ, ಗಟ್ಟಿ ಮನೆಗೆ ಒಂದು ದಿನ ಎಂಬ ನಿಯಮ ಎಲ್ಲೂ ಇಲ್ಲ.

ಈ ನಿಯಮ ಹುಟ್ಟಿದ್ದು ಲಂಡನ್ನಿನಲ್ಲಿ. 1666ರಲ್ಲಿ ಒಂದು ಬೇಕರಿಯಲ್ಲಿ ಹೊತ್ತಿದ ಬೆಂಕಿ ಆ ಊರಿನ ಸುಮಾರು 13,200 ಮನೆಗಳನ್ನು ತಿಂದಿತು. ಹೆಚ್ಚಿನವು ಮರದ ಮನೆಗಳು. ಮುಂದೆ ಇಟ್ಟಿಗೆಯಲ್ಲೇ ಕಟ್ಟಬೇಕೆಂದು ಕಾನೂನು ಬಂತು. ನಿಕೊಲಸ್ ಬಾರ್ಬನ್ ಎಂಬಾತ, ಓದಿದ್ದು ವೈದ್ಯ, ಮಾಡಿದ್ದು ಮನೆ ಕಟ್ಟಿಸುವ ವ್ಯಾಪಾರ, 1680ರ ಸುಮಾರಿಗೆ ಮನೆಗಳಿಗೆ ಬೆಂಕಿ ವಿಮೆಯ ಕಚೇರಿ ತೆರೆದ. ಇಟ್ಟಿಗೆ ಮನೆಗೆ ವರ್ಷದ ಬಾಡಿಗೆಯ ಶೇ. 2.5, ಮರದ ಮನೆಗೆ ಶೇ. 5. ಬೆಂಕಿ ಮರವನ್ನು ಬೇಗ ಸುಡುತ್ತದೆ ಎಂಬುದು ನಿಜವೇ. ಆದರೆ ಇಟ್ಟಿಗೆ ಕೊಳ್ಳಲಾಗದವನು ಇಟ್ಟಿಗೆ ಕೊಂಡವನ ಎರಡರಷ್ಟು ತೆರಬೇಕಾದದ್ದೂ ನಿಜ. ಮೂರು ಶತಮಾನ ದಾಟಿದರೂ ಮನೆ ವಿಮೆಯ ಬೆನ್ನೆಲುಬು ಅದೇ ಆಗಿ ಉಳಿದಿದೆ.

ಇಂಡಿಯಾಕ್ಕೆ ಈ ವ್ಯಾಪಾರ ಬ್ರಿಟಿಷರ ಹಡಗಿನ ಜೊತೆ ಬಂತು. 1850ರಲ್ಲಿ ಕಲ್ಕತ್ತೆಯಲ್ಲಿ ಟ್ರೈಟನ್ ಇನ್ಶೂರೆನ್ಸ್ ಕಂಪನಿ ಶುರುವಾಯಿತು. ಅದಾದ ಮೇಲೆ ಹತ್ತಾರು ಕಂಪನಿಗಳು. 1973ರ ಜನವರಿ 1ರಿಂದ 107 ಕಂಪನಿಗಳನ್ನು ರಾಷ್ಟ್ರೀಕರಿಸಿ ನಾಲ್ಕು ಮಾಡಿದರು. ಸರ್ಕಾರದ ಕೈಗೆ ಬಂದರೆ ದರದ ಮನಸ್ಸು ಬದಲಾಗುತ್ತದೆಯೇ? ಬದಲಾಗಲಿಲ್ಲ. ದೇಶಕ್ಕೆಲ್ಲ ಒಂದೇ ಬೆಂಕಿ ವಿಮಾ ದರಪಟ್ಟಿ ಇತ್ತು. ಅದರಲ್ಲಿ 'ಕಚ್ಚಾ' ಕಟ್ಟಡಕ್ಕೆ ಕೊಟ್ಟ ವ್ಯಾಖ್ಯಾನವನ್ನು ನಮ್ಮ ಓದುಗರು ಗಮನವಿಟ್ಟು ಓದಬೇಕು. ಗೋಡೆಯಾಗಲಿ ಮಾಡಾಗಲಿ ಮರದ ಹಲಗೆ, ಗರಿ, ಹುಲ್ಲು, ಬಿದಿರು, ಪ್ಲಾಸ್ಟಿಕ್ ಹಾಳೆ, ಡಾಂಬರು ಬಟ್ಟೆ, ಟಾರ್ಪಾಲು ಇಂಥವುಗಳದ್ದಾಗಿದ್ದರೆ ಅದು ಕಚ್ಚಾ. ಕಚ್ಚಾ ಆದರೆ ದರ ಹೆಚ್ಚು. 2007ರ ಜನವರಿಯಿಂದ ದರ ಕಟ್ಟುವ ಸ್ವಾತಂತ್ರ್ಯ ಕಂಪನಿಗಳಿಗೇ ಸಿಕ್ಕಿತು. ಪಟ್ಟಿ ಹೋಯಿತು. ಕಚ್ಚಾ ಎಂಬ ಮಾತು ಹೋಗಲಿಲ್ಲ.

ಆ ವ್ಯಾಖ್ಯಾನ ಬರೆದವರು ನಮ್ಮ ಕೇರಿ ನೋಡಿದವರಲ್ಲ. ಆದರೂ ಪಟ್ಟಿ ಓದಿದರೆ ನಮ್ಮ ಕೇರಿಯ ಮಾಡುಗಳನ್ನು ಒಂದೊಂದಾಗಿ ಎಣಿಸಿದಂತೆ ಇದೆ. ಸೋಗೆ, ಹುಲ್ಲು, ಬಿದಿರಿನ ತಟ್ಟಿ. ಈಚೆಗೆ ನೀಲಿ ಟಾರ್ಪಾಲು.

ಸೋಗೆ ಅಂದ್ರೆ ಅಡಿಕೆ ಮರದ ಗರಿ. ಮಲೆನಾಡಿನ ಹಿರಿಯರನ್ನು ಕೇಳಿದರೆ ಹೇಳುತ್ತಾರೆ, ಒಂದು ಕಾಲಕ್ಕೆ ದೊಡ್ಡ ಮನೆಗಳೂ ಸೋಗೆಯವೇ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ಹೆಂಚುಗಳು ನಿಧಾನಕ್ಕೆ ಘಾಟಿ ಹತ್ತಿದವು. ಹತ್ತಿದವು, ಆದರೆ ಎಲ್ಲರ ಮಾಡಿಗೂ ಏರಲಿಲ್ಲ. ಹೆಂಚು ಹಾಕಬೇಕಾದರೆ ಅದರ ಭಾರ ಹೊರಲು ಪಕಾಸಿ, ರೀಪು ಬೇಕು. ಮರ ಬೇಕು. ಮರ ಒಂದೋ ಒಡೆಯರದ್ದು, ಇಲ್ಲವೇ ಅರಣ್ಯ ಇಲಾಖೆಯದ್ದು. ಸೋಗೆಯಾದರೂ ಯಾರದ್ದು? ತೋಟದ ಧಣಿಯದ್ದೇ. ಅಡಿಕೆ ತೋಟಕ್ಕೆ ಸೊಪ್ಪಿನಬೆಟ್ಟದ ಹಕ್ಕು ಇತ್ತು. ತೋಟದಲ್ಲಿ ದುಡಿಯುವವನ ಗುಡಿಸಲಿಗೆ ಬೆಟ್ಟದಲ್ಲೂ ಹಕ್ಕಿಲ್ಲ, ತೋಟದಲ್ಲೂ ಹಕ್ಕಿಲ್ಲ. ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಮಾಡಿಗೆ ಹೊಸ ಸೋಗೆ ಹೊದಿಸಬೇಕು. ಅಂದ್ರೆ ಪ್ರತಿವರ್ಷ ಧಣಿಯ ಅಂಗಳದಲ್ಲಿ ನಿಂತು ಕೇಳಬೇಕು. ಕೇಳುವಾಗ ಹಳೇ ಸಾಲದ ಮಾತು, ಬಿಟ್ಟಿ ಕೆಲಸದ ಮಾತು ಎಲ್ಲ ಬರುತ್ತದೆ. ಇದು ಕಂಪನಿಯ ಪುಸ್ತಕಕ್ಕೆ ಬಾರದ ಕಂತು. ತಲೆಮಾರುಗಟ್ಟಲೆ ಕಟ್ಟಿದ್ದೇವೆ, ರಸೀದಿ ಇಲ್ಲ.

ಇನ್ನೊಂದು ಮಾತು. ನಾಳೆ ಏಳು ಅಂದರೆ ಎದ್ದು ಹೋಗಬೇಕಾದ ಜಾಗದಲ್ಲಿ ಭಾರದ ಮನೆ ಕಟ್ಟುವ ಹುಚ್ಚ ಯಾರು? ಜಾಗ ಗಟ್ಟಿ ಇಲ್ಲದವನು ಮನೆಯನ್ನು ಹಗುರಕ್ಕೆ ಕಟ್ಟುತ್ತಾನೆ. ಹಗುರ ಮನೆ ಬೇಗ ಸುಡುತ್ತದೆ, ಬೇಗ ಹಾರುತ್ತದೆ, ಬೇಗ ನೆನೆದು ಕುಸಿಯುತ್ತದೆ. ಕಂಪನಿ ನೋಡುವುದು ಹಗುರ ಮಾಡನ್ನು. ಅದರ ಕೆಳಗಿರುವ ಪತ್ರವಿಲ್ಲದ ನೆಲ ಇನ್ನೊಂದು ಕಾಲಮ್ಮಿನಲ್ಲಿ ಬರುತ್ತದೆ. ಎರಡು ಕಾಲಮ್ಮು, ಕಾರಣ ಮಾತ್ರ ಒಂದೇ.

ಈ ಪತ್ರವಿಲ್ಲದ ನೆಲದ ಕತೆ ಹಳೆಯದು. ಕೆಳದಿಯ ಶಿವಪ್ಪನಾಯಕನ 'ಶಿಸ್ತು' ಎಂಬ ಕಂದಾಯ ಪದ್ಧತಿಯನ್ನು ನಮಗೆ ಶಾಲೆಯಲ್ಲಿ ಹೆಮ್ಮೆಯಿಂದ ಕಲಿಸಿದರು. 17ನೇ ಶತಮಾನದಲ್ಲೇ ಮಣ್ಣಿನ ಗುಣ ನೋಡಿ ತೆರಿಗೆ ಕಟ್ಟಿದ ರಾಜ. ದೊಡ್ಡ ಕೆಲಸ, ಒಪ್ಪೋಣ. ಮಣ್ಣಿನಲ್ಲಿ ತರತಮ ಕಂಡ ಆ ನಾಡಿನಲ್ಲೇ ಮಣ್ಣಿನ ಜೊತೆ ಮನುಷ್ಯನೂ ಕೈ ಬದಲಾಗುತ್ತಿದ್ದ. ಮಲೆನಾಡಿನ ಹೊಲೆಯರಲ್ಲಿ ಎರಡು ಬಗೆಯ ಜೀತ ಇತ್ತೆಂದು ಬ್ರಿಟಿಷ್ ಕಾಲದ ಮೈಸೂರು ಗೆಜೆಟಿಯರ್ ದಾಖಲಿಸಿದೆ. ಹುಟ್ಟಾಳು ಅಂದ್ರೆ ಧಣಿಯ ಮನೆಯಲ್ಲೇ ಹುಟ್ಟಿದ ಆಳು. ಮಣ್ಣಾಳು ಅಂದ್ರೆ ಜಮೀನಿನ ಜೊತೆಗೆ ಕೊಟ್ಟು ಕೊಳ್ಳುವ ಆಳು. ತಾನೇ ಇನ್ನೊಬ್ಬನ ಆಸ್ತಿಯಾಗಿದ್ದವನಿಗೆ ಆಸ್ತಿ ವಿಮೆ!

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದರು. ಗೇಣಿ ಅಳೆಯುವ ಕೊಳಗ ಅಳತೆ ಮೀರಿ ದೊಡ್ಡದಾಗಿತ್ತು ಎಂಬುದು ಜಗಳದ ಮೂಲ. ಎಚ್. ಗಣಪತಿಯಪ್ಪ ಮುಂದೆ ನಿಂತರು, ಶಾಂತವೇರಿ ಗೋಪಾಲಗೌಡರು ಬಂದರು, ಲೋಹಿಯಾ ಬಂದು ಬಂಧನಕ್ಕೊಳಗಾದರು. ಅಳತೆಯ ಪಾತ್ರೆ ಯಾರ ಕೈಯಲ್ಲಿದೆ ಎಂಬ ಪ್ರಶ್ನೆಯನ್ನು ಅಷ್ಟು ನೇರವಾಗಿ ಕೇಳಿದ ಇನ್ನೊಂದು ಚಳವಳಿ ಈ ಜಿಲ್ಲೆಯಲ್ಲಿ ನಮಗೆ ಕಾಣುವುದಿಲ್ಲ. ಗೇಣಿಯೂ ಇಲ್ಲದ ಬರೀ ಕೂಲಿಯವನ ಮಾತು ಆ ಕತೆಯಲ್ಲಿ ಹಿಂದಿನ ಸಾಲಿನಲ್ಲೇ ಕೂತಿತು ಎಂಬುದೂ ನಮ್ಮ ಅಭಿಪ್ರಾಯ.

ಕಾಗೋಡಿನ ಮುಂಚೆ 1948ರಲ್ಲಿ ಶರಾವತಿಗೆ ಹಿರೇಭಾಸ್ಕರ ಕಟ್ಟೆ ಬಂದಿತ್ತು. 1964ರಲ್ಲಿ ಲಿಂಗನಮಕ್ಕಿ ಬಂತು. ಹಳೇ ಕಟ್ಟೆಯೇ ಹೊಸ ಕಟ್ಟೆಯ ನೀರಿನಲ್ಲಿ ಮುಳುಗಿತು ಎಂದ ಮೇಲೆ ಮನೆಗಳ ಪಾಡು ಕೇಳುವುದೇ ಬೇಡ. ಸಾಗರ, ಹೊಸನಗರ ತಾಲ್ಲೂಕುಗಳ ಊರೂರೇ ನೀರಿಗೆ ಹೋದವು. ಅದು ಈ ನಾಡಿನಲ್ಲಿ ಒಟ್ಟೊಟ್ಟಿಗೆ ಸಾವಿರಾರು ಮನೆಗಳಿಗೆ ಬೆಲೆ ಕಟ್ಟಿದ ಕಾಲ. ಪಹಣಿಯಲ್ಲಿ ಹೆಸರಿದ್ದವನು ಪರಿಹಾರ ಕೇಳಲು ಒಂದು ಕಾಗದ ಹಿಡಿದು ನಿಂತ. ಗೇಣಿಗೆ ಗೇದವನು, ಧಣಿಯ ಜಾಗದಲ್ಲಿ ಬಿಡಾರ ಹಾಕಿಕೊಂಡವನು ಏನು ಹಿಡಿದು ನಿಲ್ಲಬೇಕು? ಎದ್ದು ಬಂದವರಿಗೆ ತೋರಿಸಿದ ಜಾಗ ಎಷ್ಟೋ ಕಡೆ ದಾಖಲೆಯಲ್ಲಿ ಕಾಡಾಗಿಯೇ ಉಳಿಯಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದನ್ನು ಬಿಡಿಸಲು ಕೇಂದ್ರದ ಒಪ್ಪಿಗೆ ಬೇಕಾಯಿತು. ಮೂರನೇ ತಲೆಮಾರು ವಾಸ ಮಾಡುತ್ತಿರುವ ಮನೆಗೂ ಹಕ್ಕುಪತ್ರ ಇಲ್ಲ. ನಾಡಿಗೆಲ್ಲ ದೀಪ ಕೊಟ್ಟವರ ಮನೆ ಕಾಗದದಲ್ಲಿ ಇವತ್ತಿಗೂ ಮರಗಿಡ.

ಕಾನೂನು ಏನೂ ಮಾಡಲಿಲ್ಲ ಎನ್ನುವುದು ಸುಳ್ಳಾಗುತ್ತದೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ಉಳುವವನನ್ನು ಒಡೆಯನನ್ನಾಗಿ ಮಾಡಿತು. ಅದೇ ಕಾಯ್ದೆಯ 38ನೇ ಕಲಂ ಕೃಷಿ ಕಾರ್ಮಿಕನಿಗೆ, ಅವನು ಇನ್ನೊಬ್ಬರ ಜಮೀನಿನಲ್ಲಿ ವಾಸವಿದ್ದರೂ, ಆ ಮನೆ ಮತ್ತು ನಿವೇಶನವನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳುವ ಹಕ್ಕು ಕೊಟ್ಟಿತು. ಉಳುವವನ ಕಲಂ ಎಲ್ಲರಿಗೂ ಗೊತ್ತು. ಈ ಕಲಂ ಎಷ್ಟು ಜನ ಮೇಷ್ಟ್ರಿಗೆ ಗೊತ್ತಿದೆ? ಮುಂದೆ 38-ಎ ಸೇರಿಸಿ ತಾಂಡಾ, ಹಟ್ಟಿ, ಹಾಡಿ, ಕಾಲೋನಿಗಳನ್ನು ಅದರೊಳಗೆ ತಂದರು. ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಗೆ ಕಂದಾಯ ಕಾಯ್ದೆಯ 94-ಸಿ ಇದೆ. ಕಾನೂನು ತಾಲ್ಲೂಕು ಕಚೇರಿಯ ಮೆಟ್ಟಿಲವರೆಗೆ ಬರುತ್ತದೆ. ಮೆಟ್ಟಿಲಿನಿಂದ ಮೇಜಿನವರೆಗಿನ ದೂರವೇ ದೊಡ್ಡದು.

ಜಾಗದ ಮಾತಿಗೆ ಬಂದರೆ ಅಮೆರಿಕಾದ ಕಪ್ಪು ಜನರ ಅನುಭವ ಹೇಳಲೇಬೇಕು. 1935ರಿಂದ 1940ರೊಳಗೆ ಅಲ್ಲಿನ ಸರ್ಕಾರಿ ಸಂಸ್ಥೆಯೊಂದು ಮನೆಸಾಲಕ್ಕಾಗಿ ಊರುಗಳ ನಕ್ಷೆ ಬರೆಸಿ ಬಡಾವಣೆಗಳನ್ನು ನಾಲ್ಕು ದರ್ಜೆ ಮಾಡಿತು. ಕೊನೆಯ ದರ್ಜೆಗೆ ಕೆಂಪು ಬಣ್ಣ. ಕಪ್ಪು ಜನರ ಕೇರಿಗಳು ಕೆಂಪಾದವು. ವಿಮಾ ಕಂಪನಿಗಳೂ ಅಂಥ ಕೇರಿಗಳಿಂದ ದೂರ ನಿಂತವು, ಇಲ್ಲವೇ ದುಬಾರಿ ದರ ಕೇಳಿದವು. ವಿಮೆ ಇಲ್ಲದ ಮನೆಗೆ ಬ್ಯಾಂಕಿನ ಸಾಲ ಇಲ್ಲ, ಸಾಲ ಇಲ್ಲದ ಮನೆಗೆ ರಿಪೇರಿ ಇಲ್ಲ, ರಿಪೇರಿ ಇಲ್ಲದ ಮನೆ ಅಪಾಯದ ಮನೆ. ಹಾಗಾಗಿ ನಮ್ಮ ನಕ್ಷೆ ಸರಿಯಾಗಿಯೇ ಇತ್ತು ಎಂದು ಕಂಪನಿ ಹೇಳಬಹುದು! 1967ರಲ್ಲಿ ಡೆಟ್ರಾಯಿಟ್, ನೆವಾರ್ಕ್ ಹೊತ್ತಿ ಉರಿದ ಮೇಲೆ ಒಂದು ಸಮಿತಿ ಕೂತು ಇದನ್ನು ವಿಚಾರಿಸಿತು. ಯಾರೂ ವಿಮೆ ಕೊಡದ ಮನೆಗಳಿಗೆ ಕಂಪನಿಗಳೆಲ್ಲ ಸೇರಿ ಹೊಣೆ ಹೊರುವ ವ್ಯವಸ್ಥೆ ರಾಜ್ಯ ರಾಜ್ಯಗಳಲ್ಲಿ ಬಂತು. ನಮ್ಮ ಊರುಗಳಿಗೆ ಕೆಂಪು ಪೆನ್ಸಿಲು ಬೇಕಿರಲಿಲ್ಲ. ಕೇರಿ ಊರಾಚೆ ಇರಬೇಕೆಂದು ಮೊದಲೇ ಗೆರೆ ಎಳೆದಾಗಿತ್ತು. ಊರಾಚೆ ಅಂದ್ರೆ ಮಲೆನಾಡಿನಲ್ಲಿ ಏನು? ಹಳ್ಳದ ಅಂಚು, ಧರೆಯ ಬುಡ. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಸೀಮೆಯಲ್ಲಿ ಧರೆಯ ಬುಡ ಎಂದರೆ ಏನೆಂದು ಪ್ರತಿ ಆಷಾಢದಲ್ಲಿ ಗೊತ್ತಾಗುತ್ತದೆ.

ಈಗಿನ ವಿಮೆ ಹೇಗಿದೆ? 2021ರ ಏಪ್ರಿಲ್ 1ರಿಂದ ಎಲ್ಲ ಕಂಪನಿಗಳೂ 'ಭಾರತ್ ಗೃಹ ರಕ್ಷಾ' ಎಂಬ ಒಂದೇ ಬಗೆಯ ಪಾಲಿಸಿ ಕೊಡಬೇಕೆಂದು ನಿಯಂತ್ರಣ ಪ್ರಾಧಿಕಾರ ನಿಯಮ ಮಾಡಿತು. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕುಸಿತ, ಕಾಳ್ಗಿಚ್ಚು ಎಲ್ಲ ಅದರಲ್ಲಿದೆ. ಮನೆ ಮೇಲೆ ಮರ ಬಿದ್ದರೂ ಇದೆ. ನಮ್ಮ ಕಡೆ ಅದೇ ದೊಡ್ಡ ಮಾತು. ಇದರಲ್ಲಿ ಬೆಲೆ ಕಟ್ಟುವುದು ನಿವೇಶನಕ್ಕಲ್ಲ, ಮನೆಯನ್ನು ಮತ್ತೆ ಕಟ್ಟಲು ತಗಲುವ ಖರ್ಚಿಗೆ. ಮನೆಯ ಅಳತೆಯನ್ನು ಚದರಡಿಯ ಕಟ್ಟುವ ದರದಿಂದ ಗುಣಿಸಬೇಕು. 400 ಚದರಡಿಯ ಜನತಾ ಮನೆ, ಚದರಡಿಗೆ 1,500 ರೂಪಾಯಿ ಎಂದಿಟ್ಟುಕೊಂಡರೆ 6 ಲಕ್ಷ. ಕಂಪನಿಯ ದರ ಸಾವಿರಕ್ಕೆ 40 ಪೈಸೆ ಎಂದಿಟ್ಟುಕೊಂಡರೆ ವರ್ಷಕ್ಕೆ 240 ರೂಪಾಯಿ, ಮೇಲೆ ತೆರಿಗೆ. ಸಿಮೆಂಟು, ಗಾರೆ ಕೂಲಿ ಏರಿದರೆ ಕಟ್ಟುವ ದರ ಏರುತ್ತದೆ, ಅದರ ಹಿಂದೆ ಕಂತು ಏರುತ್ತದೆ. ಕಟ್ಟಡಕ್ಕೆ ಪಾಲಿಸಿ ಮಾಡಿದರೆ ಒಳಗಿನ ಸಾಮಾನಿಗೂ ಶೇ. 20ರಷ್ಟು, 10 ಲಕ್ಷದವರೆಗೆ, ತಾನಾಗಿಯೇ ಸೇರುತ್ತದೆ. ಹಿಂದೆ ಅರ್ಧ ಬೆಲೆಗೆ ವಿಮೆ ಮಾಡಿಸಿದವನಿಗೆ ನಷ್ಟದಲ್ಲೂ ಅರ್ಧವೇ ಕೊಡುತ್ತಿದ್ದರು. ಈ ಪಾಲಿಸಿಯಲ್ಲಿ ಆ ಕತ್ತರಿ ಇಲ್ಲ. ಕಾಲಕ್ರಮದಲ್ಲಿ ಸವೆದು ಹಾಳಾದದ್ದಕ್ಕೆ ಮಾತ್ರ ಏನೂ ಸಿಗುವುದಿಲ್ಲ. ಮಣ್ಣಿನ ಗೋಡೆ ಮಳೆಗಾಲವಿಡೀ ನೆನೆದು ನೆನೆದು ಒಂದು ರಾತ್ರಿ ಕುಸಿದರೆ ಅದು ನೆರೆಯೋ ಸವೆತವೋ ಎಂಬ ವಾದ ಅಲ್ಲಿ ಹುಟ್ಟುತ್ತದೆ.

ನಾವು ಕೆಲವರು, ಕೇರಿಯಿಂದ ಡಿಗ್ರಿ ಮುಗಿಸಿದ ಮೊದಲಿಗರು, ಪೇಟೆಯ ಒಂದು ಕಚೇರಿಗೆ ಹೋಗಿ ಈ ಪಾಲಿಸಿ ಕೇಳಿದೆವು. ಕೂತಿದ್ದವರು ಮರ್ಯಾದೆಯಿಂದಲೇ ಮಾತಾಡಿದರು. "ಸಾಲ ಇದೆಯಾ?" ಎಂದರು. ಇಲ್ಲ ಎಂದೆವು. "ಸಾಲ ಇಲ್ಲದೆ ಯಾಕೆ ವಿಮೆ?" ಎಂದರು. ಆಮೇಲೆ ಖಾತೆ, ಕಂದಾಯದ ರಸೀದಿ. ಮನೆ ಉಳಿಯಲಿ ಎಂದು ಯಾರೂ ವಿಮೆ ಮಾಡಿಸುವುದಿಲ್ಲ, ಬ್ಯಾಂಕಿನ ಸಾಲ ಉಳಿಯಲಿ ಎಂದು ಮಾಡಿಸುತ್ತಾರೆ ಎಂಬುದು ಅಲ್ಲಿ ತಿಳಿಯಿತು. ಅದೇ ಅಡಿಕೆಯ ಮಾತು ಬೇರೆ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಗ್ರಾಮ ಪಂಚಾಯ್ತಿವಾರು ಮಳೆ ಅಳೆದು ತೋಟದವರಿಗೆ ಪರಿಹಾರ ಕೊಡುತ್ತಾರೆ. ರೈತನ ಪಾಲು ಶೇ. 5, ಮಿಕ್ಕಿದ್ದು ಸರ್ಕಾರಗಳದ್ದು. ಕೊಡಲಿ, ಸಣ್ಣ ರೈತನಿಗೂ ಅದು ಆಸರೆ. ಆದರೆ ಅದೇ ಮಳೆ ಮರ ಹತ್ತಿ ಕೊನೆ ಕೊಯ್ಯುವವನ ಮಾಡಿನ ಮೇಲೂ ಬೀಳುತ್ತದಲ್ಲ? ಅಡಿಕೆ ಕೊನೆಗೆ ಅಳೆದ ಮಳೆಯನ್ನು ಅವನ ಗುಡಿಸಲಿಗೆ ಅಳೆಯುವ ಯೋಜನೆ ಎಲ್ಲಿ?

ಮನೆ ವಿಮೆ ಹುಟ್ಟಿದ್ದೇ ಬೆಂಕಿಯಿಂದ ಎಂದೆವು. ನಮ್ಮ ಮನೆಗಳಿಗೆ ಬೆಂಕಿ ಒಲೆಯಿಂದ ಮಾತ್ರ ಬರುವುದಿಲ್ಲ. 1968ರ ಡಿಸೆಂಬರ್ 25ರಂದು ತಮಿಳುನಾಡಿನ ಅಂದಿನ ತಂಜಾವೂರು ಜಿಲ್ಲೆಯ ಕೀಳ್ವೆಣ್ಮಣಿಯಲ್ಲಿ 44 ದಲಿತರು ಒಂದು ಗುಡಿಸಲಿನಲ್ಲಿ ಸುಟ್ಟುಹೋದರು. ಹೆಚ್ಚಿನವರು ಹೆಂಗಸರು, ಮಕ್ಕಳು. 2000ದ ಮಾರ್ಚ್ 11ರಂದು ನಮ್ಮದೇ ನಾಡಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ. ಆರೋಪಿಗಳೆಲ್ಲ ಬಿಡುಗಡೆಯಾದರು. ಯಾವ ದರಪಟ್ಟಿಯೂ ಜಾತಿಯನ್ನು ಅಪಾಯದ ಕಾರಣ ಎಂದು ಬರೆಯುವುದಿಲ್ಲ. ಬರೆದರೆ ಆ ಕಂತನ್ನು ಕಟ್ಟಬೇಕಾದವರು ಸುಡುವವರೋ ಸುಟ್ಟುಕೊಂಡವರೋ? ಒಂದು ಕಡೆ ಮಾತ್ರ ಕಾನೂನು ಇದಕ್ಕೆ ನೇರ ಉತ್ತರ ಕೊಟ್ಟಿದೆ. ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳ ಪ್ರಕಾರ ದೌರ್ಜನ್ಯದಲ್ಲಿ ಸುಟ್ಟ, ಕೆಡವಿದ ಮನೆಯ ಬದಲಿಗೆ ಸರ್ಕಾರ ತನ್ನ ಖರ್ಚಿನಲ್ಲಿ ಇಟ್ಟಿಗೆ ಅಥವಾ ಕಲ್ಲಿನ ಮನೆ ಕಟ್ಟಿಕೊಡಬೇಕು. ಸುಟ್ಟದ್ದು ಸೋಗೆಯದ್ದಾಗಿರಲಿ, ಹುಲ್ಲಿನದ್ದಾಗಿರಲಿ. ಕಚ್ಚಾ ಮನೆಗೆ ಕಚ್ಚಾ ಬೆಲೆ ಎಂಬ ಲಂಡನ್ನಿನ ನಿಯಮವನ್ನು ಮುರಿದ ಒಂದೇ ಸಾಲು ನಮಗೆ ಕಂಡದ್ದು ಇಲ್ಲಿ.

ಬೇರೆ ಕಡೆ ಆ ನಿಯಮ ಗಟ್ಟಿಯಾಗಿ ಕೂತಿದೆ. 1988ರ ಮೇ 1ರಿಂದ ಕೇಂದ್ರ ಸರ್ಕಾರ ಗುಡಿಸಲು ವಿಮಾ ಯೋಜನೆ ತಂದಿತು. ಬಡವನು ಕಂತು ಕಟ್ಟಬೇಕಿರಲಿಲ್ಲ. ಬೆಂಕಿಗೆ ಹೋದ ಗುಡಿಸಲಿಗೆ 1,000 ರೂಪಾಯಿ, ಒಳಗಿನ ಸಾಮಾನಿಗೆ 500. ಒಂದು ಗುಡಿಸಲಿನ ಇಡೀ ಬದುಕು 1,500ಕ್ಕೆ ಮುಗಿಯಿತು. ಮುಂದೆ ವಿಕೋಪ ಪರಿಹಾರ ನಿಧಿ. 2022ರಿಂದ 2026ರವರೆಗಿನ ಅವಧಿಗೆ ಕೇಂದ್ರ ಮಾಡಿದ ನಿಯಮದಲ್ಲಿ ಪೂರ್ತಿ ಬಿದ್ದ ಮನೆಗೆ ಬಯಲು ಪ್ರದೇಶದಲ್ಲಿ 1,20,000, ಗುಡ್ಡಗಾಡೆಂದು ಗುರುತಿಸಿದ ಕಡೆ 1,30,000 ರೂಪಾಯಿ. ಪಕ್ಕಾ ಆಗಲಿ ಕಚ್ಚಾ ಆಗಲಿ ಅಷ್ಟೇ. ಆದರೆ ಗುಡಿಸಲಿಗೆ 8,000. ಗುಡಿಸಲು ಅಂದ್ರೆ ಕಚ್ಚಾ ಮನೆಗಿಂತಲೂ ಕೀಳಾದ, ಹುಲ್ಲು, ಮಣ್ಣು, ಪ್ಲಾಸ್ಟಿಕ್ಕಿನ ತಾತ್ಕಾಲಿಕ ವಸತಿ ಎಂದು ಅಲ್ಲಿ ವಿವರಣೆ ಇದೆ. ಮೇಲಾಗಿ ಬಿದ್ದ ಮನೆ ಅಧಿಕೃತ ಕಟ್ಟಡ ಎಂದು ಪ್ರಮಾಣವಾಗಬೇಕು. ಪತ್ರದ ಪ್ರಶ್ನೆ ಇಲ್ಲಿಗೂ ಬಂತು. 2019ರ ನೆರೆಯಲ್ಲಿ ರಾಜ್ಯ ಸರ್ಕಾರ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಎಂದಾಗಲೂ ಹಾನಿಯನ್ನು ಎ, ಬಿ, ಸಿ ಎಂದು ವಿಂಗಡಿಸುವ ಕೈ ಯಾರದ್ದು ಎಂಬುದೇ ಮುಖ್ಯವಾಯಿತು. ಕಾಗೋಡಿನ ಕೊಳಗದ ಹಾಗೆ.

ನಾಲ್ಕು ಮಣ್ಣಿನ ಗೋಡೆ, ಮೇಲೆ ಸೋಗೆ, ಐವತ್ತು ವರ್ಷದ ವಾಸ. ಇದು ಕಚ್ಚಾ ಮನೆಯೋ ಗುಡಿಸಲೋ? ಇದನ್ನು ತೀರ್ಮಾನಿಸುವುದು ಡೆಲ್ಲಿಯಲ್ಲಲ್ಲ. ಮನೆ ಬಿದ್ದ ಮರುದಿನ ಗ್ರಾಮ ಆಡಳಿತಾಧಿಕಾರಿ ಬಂದು, ಇಬ್ಬರು ಪಂಚರನ್ನು ನಿಲ್ಲಿಸಿಕೊಂಡು, ಛತ್ರಿ ಕೆಳಗೆ ಬರೆಯುವ ಪಂಚನಾಮೆಯಲ್ಲಿ. ಪಂಚರಾಗಿ ಸಹಿ ಹಾಕಲು ಹಳ್ಳಿಯಲ್ಲಿ ಕರೆಯುವುದು ಓದಿದವರನ್ನು, ಅಂದ್ರೆ ನಮ್ಮ ಓದುಗರನ್ನು. ಕರೆದಾಗ ಹೋಗಿ. ಗೋಡೆ ಎಷ್ಟು, ಬಾಗಿಲು ಎಷ್ಟು, ಒಲೆ ಎಲ್ಲಿ, ಎಷ್ಟು ವರ್ಷದ ವಾಸ ಎಂದು ಬರೆಸಿ. ಬಿದ್ದ ಗೋಡೆಯ ಮಣ್ಣು ಎತ್ತುವ ಮುಂಚೆ ಫೋಟೋ ತೆಗೆದಿಡಿ. ಸಹಿ ಹಾಕುವ ಮುಂಚೆ ಅಲ್ಲಿ 'ಮನೆ' ಎಂದಿದೆಯೋ 'ಗುಡಿಸಲು' ಎಂದಿದೆಯೋ ಓದಿ ನೋಡಿ.